ಗೆರೆ ಎಳೆದವರ ಹೆಸರು: ಪಶ್ಚಿಮ ಬೆಂಗಳೂರಿನ ಆಟದ ಸಂಘಗಳಿಗೊಂದು ಬಹಿರಂಗ ಪತ್ರ

ಮಾರೇನಹಳ್ಳಿ, ವಿಜಯನಗರ
ಬೆಂಗಳೂರು

ಮಾರೇನಹಳ್ಳಿ, ಗೋವಿಂದರಾಜನಗರ, ಹಂಪಿನಗರ, ಬಸವೇಶ್ವರನಗರ, ರಾಜಾಜಿನಗರ ಮತ್ತು ಕೆಂಗೇರಿ ಭಾಗದ ಕಬಡ್ಡಿ, ಖೋ-ಖೋ, ಬಾಲ್ ಬ್ಯಾಡ್ಮಿಂಟನ್ ಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳು ಹಾಗೂ ಕಾರ್ಯಕಾರಿ ಸಮಿತಿಯ ಸದಸ್ಯರಿಗೆ

ಮಾನ್ಯರೆ,

ಕಬಡ್ಡಿಯ ಒಂದು ಪಂದ್ಯಕ್ಕೆ ಎರಡೂ ಕಡೆಯಿಂದ ಏಳೇಳು ಮಂದಿ ಅಂಕಣಕ್ಕಿಳಿಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ನಿಯಮದ ಪ್ರಕಾರ ಅದೇ ಪಂದ್ಯಕ್ಕೆ ಒಬ್ಬ ರೆಫರಿ, ಇಬ್ಬರು ಅಂಪೈರ್‌ಗಳು, ಅಂಕ ಬರೆಯುವ ಒಬ್ಬರು, ಅವರಿಗೆ ಇಬ್ಬರು ಸಹಾಯಕರು, ಹೀಗೆ ಇನ್ನೂ ಆರು ಮಂದಿ ಬೇಕಾಗುತ್ತಾರೆ ಎಂಬುದನ್ನು ಗಮನಿಸುವವರು ಕಡಿಮೆ. ಈ ಆರು ಮಂದಿ ಬರುವುದಕ್ಕೂ ಮೊದಲು 13 ಮೀಟರ್ ಉದ್ದ, 10 ಮೀಟರ್ ಅಗಲದ ನೆಲವನ್ನು ಅಳೆದು, ಕಲ್ಲು ಆರಿಸಿ, ನೀರು ಚಿಮುಕಿಸಿ, ಸುಣ್ಣದ ಪುಡಿಯಿಂದ ಗೆರೆ ಎಳೆದವರು ಇರುತ್ತಾರೆ. ಹೊನಲು-ಬೆಳಕಿನ ಪಂದ್ಯಾವಳಿಯಾದರೆ ಬೆಸ್ಕಾಂನಿಂದ ತಾತ್ಕಾಲಿಕ ವಿದ್ಯುತ್ ಸಂಪರ್ಕ ಪಡೆದವರು, ಠಾಣೆಗೆ ಅಲೆದು ಧ್ವನಿವರ್ಧಕಕ್ಕೆ ಅನುಮತಿ ತಂದವರು, ಬೇರೆ ಜಿಲ್ಲೆಯಿಂದ ರಾತ್ರಿ ಬಸ್ಸಿಗೆ ಬಂದಿಳಿಯುವ ತಂಡಕ್ಕೆ ಶಾಲೆಯ ಕೊಠಡಿಯಲ್ಲಿ ಜಮಖಾನ ಹಾಸಿಕೊಟ್ಟವರು ಬೇರೆ ಇರುತ್ತಾರೆ. ಪಂದ್ಯ ಮುಗಿದ ಮೇಲೆ ಅಂಕಗಳು ಅಂಕಪಟ್ಟಿಯಲ್ಲಿ ಉಳಿಯುತ್ತವೆ, ಗೆದ್ದ ತಂಡದ ಹೆಸರು ಫಲಕದಲ್ಲಿ ಉಳಿಯುತ್ತದೆ, ಟ್ರೋಫಿ ಕೊಟ್ಟವರ ಹೆಸರು ಟ್ರೋಫಿಯ ಮೇಲೆಯೇ ಉಳಿಯುತ್ತದೆ. ಗೆರೆ ಎಳೆದವರ ಹೆಸರನ್ನು ಸಂಘದ ಪುಸ್ತಕಗಳಲ್ಲಿ ಹುಡುಕಿದರೆ ಸಾಮಾನ್ಯವಾಗಿ ಎಲ್ಲಿಯೂ ಸಿಗುವುದಿಲ್ಲ. ಅದು ಸಿಗುವಂತಾಗಬೇಕು ಎಂಬುದು ಈ ಪತ್ರದ ಕೋರಿಕೆ.

ಸ್ವಯಂಸೇವಕ ಎಂಬ ಪದವನ್ನು ಇಲ್ಲಿ, ಸಂಬಳವಿಲ್ಲದೆ, ಯಾರ ಒತ್ತಾಯವೂ ಇಲ್ಲದೆ, ಉದ್ಯೋಗ ಮತ್ತು ಮನೆಗೆಲಸದಿಂದ ಉಳಿಸಿಕೊಂಡ ಹೊತ್ತನ್ನು ಸಂಘಕ್ಕೆ ಕೊಡುವ ವ್ಯಕ್ತಿ ಎಂಬ ಅರ್ಥದಲ್ಲಿ ಬಳಸಲಾಗಿದೆ. ಕರ್ನಾಟಕದಲ್ಲಿ ಈ ಪದಕ್ಕೆ ಶಿಸ್ತಿನದೊಂದು ಇತಿಹಾಸವಿದೆ. ಡಾ. ನಾ.ಸು. ಹರ್ಡೀಕರ ಅವರು 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದರು. ಮರುವರ್ಷ ಡಿಸೆಂಬರ್‌ನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆದಾಗ ನೈರ್ಮಲ್ಯದ ಕೆಲಸವನ್ನೂ ಸ್ವಯಂಸೇವಕರೇ ಹೊತ್ತುಕೊಂಡರು. ಗೊತ್ತಾದ ಕೆಲಸಕ್ಕೆ ಗೊತ್ತಾದ ಹೊತ್ತಿನಲ್ಲಿ ಹೊಣೆಗಾರನಾಗಿ ನಿಲ್ಲುವವನೇ ಸ್ವಯಂಸೇವಕ ಎಂಬ ಆ ಅರ್ಥವನ್ನು ಇಂದಿನ ಆಟದ ಸಂಘಗಳೂ ಉಳಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕೆಲಸ ಯಾವುದೆಂದು ಗೊತ್ತಿಲ್ಲದ ಕಡೆ ಅದನ್ನು ಮಾಡಿದವರು ಯಾರೆಂದು ಗುರುತಿಸುವುದೂ ಸಾಧ್ಯವಾಗುವುದಿಲ್ಲ.

ಇದಕ್ಕಿಂತ ಹಳೆಯದು ಗರಡಿಮನೆಯ ಪದ್ಧತಿ. ಕುಸ್ತಿಯಾಡುವ ಮಣ್ಣಿನ ಅಂಕಣವನ್ನು ಗರಡಿಯಲ್ಲಿ ಮಟ್ಟಿ ಎಂದು ಕರೆಯುತ್ತಾರೆ. ಆ ಮಣ್ಣನ್ನು ಅಗೆದು, ಹದಮಾಡಿ, ಮತ್ತೆ ಸಮಮಾಡುವುದು ಪೈಲ್ವಾನನ ಕಸರತ್ತಿನ ಭಾಗವೇ ಆಗಿರುವುದರಿಂದ, ಆಡುವವನು ಒಬ್ಬ, ಆಟಕ್ಕೆ ನೆಲ ಸಿದ್ಧಮಾಡುವವನು ಇನ್ನೊಬ್ಬ ಎಂಬ ಭೇದ ಅಲ್ಲಿ ಬೆಳೆಯಲಿಲ್ಲ. ನೋಂದಾಯಿತ ಸಂಘ, ಪದಾಧಿಕಾರಿಗಳ ಸಮಿತಿ, ಪ್ರಾಯೋಜಕರು, ಮುಖ್ಯ ಅತಿಥಿಗಳು ಎಂಬ ಈಗಿನ ಏರ್ಪಾಡಿನಲ್ಲಿ ಭೇದ ಬೆಳೆದಿದೆ, ಮತ್ತು ಅದರ ಒಂದು ತುದಿಯಲ್ಲಿ ನಿಂತವರು ಕಣ್ಣಿಗೆ ಬೀಳದೆ ಹೋಗಿದ್ದಾರೆ.

ಇಂಥದೇ ಸ್ಥಿತಿಯನ್ನು ಎದುರಿಸಿದ ಪರದೇಶದ ಆಟವೊಂದರ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕ್ರೋಕೆ ಎಂಬುದು ನುಣುಪಾಗಿ ಕತ್ತರಿಸಿದ ಹುಲ್ಲುಹಾಸಿನ ಮೇಲೆ, ಉದ್ದ ಹಿಡಿಯ ಮರದ ಸುತ್ತಿಗೆಯಿಂದ ಚೆಂಡನ್ನು ಹೊಡೆದು, ನೆಲಕ್ಕೆ ನೆಟ್ಟ ಆರು ಕಮಾನುಗಳನ್ನು ಗೊತ್ತಾದ ಕ್ರಮದಲ್ಲಿ ದಾಟಿಸುವ ಆಟ. ಪೂರ್ಣ ಅಳತೆಯ ಅಂಕಣ 35 ಗಜ ಉದ್ದ, 28 ಗಜ ಅಗಲವಿದ್ದು, ಕಮಾನಿನ ಬಾಯಿ ಚೆಂಡಿಗಿಂತ ಕೆಲವೇ ಮಿಲಿಮೀಟರ್ ಅಗಲವಾಗಿರುತ್ತದೆ, ಆದ್ದರಿಂದ ಹುಲ್ಲು ಸ್ವಲ್ಪ ಏರುಪೇರಾದರೂ, ಕಮಾನು ಸ್ವಲ್ಪ ವಾಲಿದರೂ ಆಟ ಕೆಡುತ್ತದೆ. ವಿಂಬಲ್ಡನ್‌ನ ಹೆಸರಿನಿಂದ ಇಂದು ಜಗತ್ತೆಲ್ಲ ಬಲ್ಲ ಟೆನಿಸ್ ಕ್ಲಬ್ 1868ರಲ್ಲಿ ಹುಟ್ಟಿದ್ದೇ ಕ್ರೋಕೆಗಾಗಿ. ಟೆನಿಸ್ ಚಾಂಪಿಯನ್‌ಷಿಪ್ ಅಲ್ಲಿ ಆರಂಭವಾದದ್ದು 1877ರಲ್ಲಿ. ಪ್ಯಾರಿಸ್‌ನ 1900ರ ಒಲಿಂಪಿಕ್ಸ್‌ನಲ್ಲಿ ಒಮ್ಮೆ ಕಾಣಿಸಿಕೊಂಡ ಕ್ರೋಕೆ, ಟೆನಿಸ್‌ನ ನೆರಳಿನಲ್ಲಿ ಮರೆಯಾಯಿತಾದರೂ, ಇಂಗ್ಲೆಂಡಿನ ಊರೂರಿನ ಸಣ್ಣ ಕ್ಲಬ್‌ಗಳಲ್ಲಿ ಸಾಯದೆ ಉಳಿಯಿತು. ಅದನ್ನು ಉಳಿಸಿದವರು ಹುಲ್ಲು ಕತ್ತರಿಸುವ, ಕಮಾನು ನೆಡುವ, ಹೊಸಬರಿಗೆ ಸುತ್ತಿಗೆ ಹಿಡಿಯುವುದನ್ನು ಹೇಳಿಕೊಡುವ ಸಾಮಾನ್ಯ ಸದಸ್ಯರು. ಅಲ್ಲಿನ ಕ್ರೋಕೆ ಆಡಳಿತ ಸಂಸ್ಥೆ ಇದನ್ನು ಅರಿತು, ತನ್ನ ಕ್ಲಬ್‌ಗಳಲ್ಲಿ ವರ್ಷಗಟ್ಟಲೆ ದುಡಿದ ಇಂಥವರಿಗೆ ಮನ್ನಣೆಪತ್ರ ನೀಡುವ ಪದ್ಧತಿಯನ್ನು ಇಟ್ಟುಕೊಂಡಿದೆ.

ಪಶ್ಚಿಮ ಬೆಂಗಳೂರಿನ ಮೈದಾನಗಳಿಗೆ ಕ್ರೋಕೆ ಪರಿಚಿತವಲ್ಲ. ಆದರೆ ಬಾಲ್ ಬ್ಯಾಡ್ಮಿಂಟನ್‌ನ ಕತೆಗೂ ಅದರ ಕತೆಗೂ ಹತ್ತಿರದ ಹೋಲಿಕೆಯಿದೆ. ಹಳದಿ ಉಣ್ಣೆಯ ಚೆಂಡಿನಿಂದ, 24 ಮೀಟರ್ ಉದ್ದ, 12 ಮೀಟರ್ ಅಗಲದ ಬಯಲು ಅಂಕಣದಲ್ಲಿ, ಒಂದೊಂದು ಕಡೆ ಐದೈದು ಮಂದಿ ಆಡುವ ಈ ಆಟ ತಂಜಾವೂರಿನ ಕಡೆ ಹುಟ್ಟಿ ದಕ್ಷಿಣ ಭಾರತದ ಸಣ್ಣ ಊರುಗಳಲ್ಲೆಲ್ಲ ಹರಡಿತ್ತು. ಪ್ರಕಾಶ್ ಪಡುಕೋಣೆ ಅವರು 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಮೇಲೆ ಈ ನಾಡಿನ ಮಕ್ಕಳ ಕಣ್ಣು ಶಟಲ್‌ನತ್ತ ತಿರುಗಿದ್ದು ಸಹಜ, ಸಂತೋಷದ ಸಂಗತಿಯೂ ಹೌದು. ಉಣ್ಣೆಯ ಚೆಂಡಿನ ಆಟಕ್ಕೆ ಮಾತ್ರ ಮುಚ್ಚಿದ ಅಂಕಣಗಳೂ ಇಲ್ಲ, ಶುಲ್ಕ ಪಡೆದು ಕಲಿಸುವ ಅಕಾಡೆಮಿಗಳ ಸಾಲೂ ಇಲ್ಲ. ಅದು ಎಲ್ಲಿ ಉಳಿದಿದೆಯೋ ಅಲ್ಲಿ ಬೆಳಗಿನ ಹೊತ್ತು ಬಂದು ನೆಲ ಗುಡಿಸುವ, ಕಂಬ ನಿಲ್ಲಿಸಿ ನೆಟ್ ಕಟ್ಟುವ, ಇಬ್ಬನಿಗೆ ಚೆಂಡು ಒದ್ದೆಯಾಗಿ ತೂಕ ಕೆಡದಂತೆ ನೋಡಿಕೊಳ್ಳುವ, ಆಟ ಮುಗಿದ ಮೇಲೆ ನೆಟ್ ಬಿಚ್ಚಿ ತನ್ನ ಮನೆಯಲ್ಲೇ ಇಟ್ಟುಕೊಳ್ಳುವ ಒಬ್ಬಿಬ್ಬರಿಂದ ಉಳಿದಿದೆ. ಖೋ-ಖೋ ಅಂಕಣದ ಕೆಲಸ ಇನ್ನೂ ಸೂಕ್ಷ್ಮ: ಎರಡು ತುದಿಯಲ್ಲಿ ಎರಡು ಕಂಬ, ನಡುವೆ ಒಂದು ಉದ್ದನೆಯ ಪಟ್ಟಿ, ಅದನ್ನು ಅಡ್ಡಹಾಯುವ ಎಂಟು ಪಟ್ಟಿಗಳು. ಮಣ್ಣಿನ ನೆಲದಲ್ಲಿ ಒಂದು ಸಂಜೆಯ ಓಟಕ್ಕೇ ಇವೆಲ್ಲ ಅಳಿಸಿಹೋಗುವುದರಿಂದ, ಮರುದಿನ ಮತ್ತೆ ದಾರ ಹಿಡಿದು ಮೊದಲಿನಿಂದ ಎಳೆಯಬೇಕಾಗುತ್ತದೆ. ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಗೆದ್ದದ್ದು ಮ್ಯಾಟ್ ಮೇಲೆ. ಆದರೆ ಖೋ-ಖೋ ಆಡುವ ಮಕ್ಕಳಲ್ಲಿ ಹೆಚ್ಚಿನವರು ಮೊದಲು ಕೂತು ಏಳುವುದನ್ನು ಕಲಿಯುವುದು ಯಾರೋ ದಿನವೂ ಗೆರೆ ಎಳೆದುಕೊಟ್ಟ ಮಣ್ಣಿನಲ್ಲಿ.

ಸಂಘಗಳು ಯಾರನ್ನೂ ಗೌರವಿಸುವುದಿಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಶಾಲು, ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಇವು ಪ್ರತಿ ಪಂದ್ಯಾವಳಿಯ ಸಮಾರೋಪದಲ್ಲೂ ಕಾಣುತ್ತವೆ. ಕಷ್ಟವಿರುವುದು ಅವು ಹೋಗುವ ದಿಕ್ಕಿನಲ್ಲಿ. ಶಾಮಿಯಾನಕ್ಕೂ ದೀಪಕ್ಕೂ ಹಣ ಕೊಟ್ಟವರನ್ನು ವೇದಿಕೆಗೆ ಕರೆಯದಿದ್ದರೆ ಮುಂದಿನ ವರ್ಷ ಪಂದ್ಯಾವಳಿಯೇ ನಡೆಯಲಾರದು ಎಂಬ ಕಾರ್ಯದರ್ಶಿಗಳ ಅಳಲು ನಿಜವಾದದ್ದು, ಮತ್ತು ದಾನಿಗೆ ಸಲ್ಲುವ ಗೌರವ ದಾನಿಗೆ ಸಲ್ಲಲೇಬೇಕು. ಆದರೆ ಗೌರವದ ರೂಪ ಒಂದೇ ಆಗಿ, ಅದು ಹಣ ಕೊಟ್ಟವರಿಗೂ ಅಧಿಕಾರ ಇರುವವರಿಗೂ ಮಾತ್ರ ಮೀಸಲಾದಾಗ, ಹೊತ್ತು ಕೊಟ್ಟವರ ಕೊಡುಗೆಗೆ ಹೆಸರೇ ಇಲ್ಲದಂತಾಗುತ್ತದೆ. ಅಪರೂಪಕ್ಕೆ ಅಂಥವರೊಬ್ಬರನ್ನು ಕರೆದರೂ ಅವರು ಏನು ಮಾಡಿದರು ಎಂಬುದನ್ನು ಹೇಳದೆ, ಸಂಘಕ್ಕಾಗಿ ನಿಸ್ವಾರ್ಥವಾಗಿ ದುಡಿದವರು ಎಂಬ, ಯಾರಿಗೆ ಬೇಕಾದರೂ ಹೊಂದುವ ಮಾತಿನಲ್ಲಿ ಮುಗಿಸಲಾಗುತ್ತದೆ.

ಸರ್ಕಾರದ ಪ್ರಶಸ್ತಿಗಳ ಸಾಲನ್ನು ನೋಡಿದರೂ ಈ ಜಾಗ ಖಾಲಿಯೇ ಇದೆ. ಕೇಂದ್ರ ಸರ್ಕಾರದ ಅರ್ಜುನ ಪ್ರಶಸ್ತಿ 1961ರಿಂದ ಆಟಗಾರರಿಗೆ, ದ್ರೋಣಾಚಾರ್ಯ ಪ್ರಶಸ್ತಿ 1985ರಿಂದ ತರಬೇತುದಾರರಿಗೆ, ಧ್ಯಾನ್‌ಚಂದ್ ಅವರ ಹೆಸರಿನಲ್ಲಿ 2002ರಿಂದ 2023ರವರೆಗೆ ಇದ್ದ ಪ್ರಶಸ್ತಿ ನಿವೃತ್ತಿಯ ನಂತರವೂ ಆಟಕ್ಕಾಗಿ ದುಡಿದ ಹಿರಿಯ ಆಟಗಾರರಿಗೆ, ಖೇಲ್ ಪ್ರೋತ್ಸಾಹನ್ ಪುರಸ್ಕಾರ 2009ರಿಂದ ಸಂಸ್ಥೆಗಳಿಗೆ ಸಲ್ಲುತ್ತ ಬಂದಿವೆ. ಕರ್ನಾಟಕದಲ್ಲಿ ಏಕಲವ್ಯ ಪ್ರಶಸ್ತಿ ಆಟಗಾರರಿಗೆ, ಕ್ರೀಡಾ ರತ್ನ ಪ್ರಶಸ್ತಿ ಗ್ರಾಮೀಣ ಮತ್ತು ದೇಸೀ ಆಟಗಳ ಸಾಧಕರಿಗೆ, ಕ್ರೀಡಾ ಪೋಷಕ ಪ್ರಶಸ್ತಿ ಸಂಸ್ಥೆಗಳಿಗೆ ಮೀಸಲು. ಪಶ್ಚಿಮ ಬೆಂಗಳೂರಿನ ಒಂದು ಸಣ್ಣ ಸಂಘಕ್ಕೆ ಪೋಷಕ ಪ್ರಶಸ್ತಿ ಬಂದರೂ ಅದನ್ನು ಪಡೆಯಲು ವೇದಿಕೆ ಹತ್ತುವುದು ಸಂಘದ ಹೆಸರೇ ಹೊರತು ಅಂಕ ಬರೆದ ಕೈಯಲ್ಲ. ಇದನ್ನು ಸರ್ಕಾರದ ದೋಷವೆಂದು ಎಣಿಸಬೇಕಾಗಿಲ್ಲ. ಒಂದು ಮೈದಾನದಲ್ಲಿ ಇಪ್ಪತ್ತು ವರ್ಷ ನೆಟ್ ಕಟ್ಟಿದವರು ಯಾರು ಎಂಬುದು ರಾಜ್ಯದ ಇಲಾಖೆಗೆ ತಿಳಿಯುವ ಸಂಗತಿಯಲ್ಲ. ಅದು ತಿಳಿದಿರುವುದು ಸಂಘಕ್ಕೆ ಮಾತ್ರ, ಆದ್ದರಿಂದ ಗುರುತಿಸುವ ಹೊಣೆಯೂ ಸಂಘದ್ದೇ.

ಗುರುತಿಸುವುದೆಂದರೆ ಏನು ಎಂಬುದಕ್ಕೆ ಈ ನಾಡಿನಲ್ಲೇ ಒಂಬೈನೂರು ವರ್ಷ ಹಿಂದಿನ ಮಾದರಿಯೊಂದಿದೆ. ಬೇಲೂರಿನ ಚೆನ್ನಕೇಶವ ದೇವಾಲಯವನ್ನು 1117ರಲ್ಲಿ ಕಟ್ಟಿಸಿದವನು ಹೊಯ್ಸಳ ದೊರೆ ವಿಷ್ಣುವರ್ಧನ. ಆದರೆ ಅಲ್ಲಿನ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣರಂಥ ರೂವಾರಿಗಳ, ಅಂದರೆ ಶಿಲ್ಪಿಗಳ, ಹೆಸರುಗಳನ್ನು ಕಲ್ಲಿನ ಮೇಲೆಯೇ ಕೆತ್ತಲಾಗಿದೆ. ಸೋಮನಾಥಪುರದ ಕೇಶವ ದೇವಾಲಯವನ್ನು ಕಟ್ಟಿಸಿದ ಸೋಮನಾಥ ದಂಡನಾಯಕನ ಹೆಸರು ಶಾಸನದಲ್ಲಿರುವಂತೆ, ಕೆತ್ತಿದ ಮಲ್ಲಿತಮ್ಮನ ಹೆಸರು ಶಿಲ್ಪಗಳ ಕೆಳಗಿದೆ. ಈ ಬರಹಗಳ ವಿಶೇಷವೇನೆಂದರೆ, ಹೆಸರು ಕೆಲಸದಿಂದ ದೂರದಲ್ಲಿಲ್ಲ; ಯಾವ ವಿಗ್ರಹವನ್ನು ಯಾರು ಕಡೆದರೋ ಆ ವಿಗ್ರಹದ ಪೀಠದಲ್ಲಿಯೇ ಅವರ ಹೆಸರಿದೆ, ಕೆಲವು ಕಡೆ ಊರು ಮತ್ತು ಬಿರುದೂ ಜೊತೆಗಿವೆ. ಜನರ ಬಾಯಿಮಾತಿನಲ್ಲಿ ಎಲ್ಲ ಗುಡಿಗಳೂ ಒಬ್ಬ ಜಕಣಾಚಾರಿಯವೇ ಆಗಿಬಿಟ್ಟಿವೆ. ಬರೆದಿಟ್ಟದ್ದರಿಂದ ಮಾತ್ರ ದಾಸೋಜ, ಚಾವಣ, ಮಲ್ಲಿತಮ್ಮರು ಆ ದಂತಕಥೆಯಲ್ಲಿ ಕರಗದೆ ಬೇರೆ ಬೇರೆಯಾಗಿ ಉಳಿದಿದ್ದಾರೆ. ಆಟದ ಸಂಘಗಳಲ್ಲಿಯೂ ಹಾಗೆಯೇ, ನೆನಪನ್ನು ಬಾಯಿಗೆ ಬಿಟ್ಟರೆ ನಲವತ್ತು ವರ್ಷದ ದುಡಿಮೆಯೆಲ್ಲ ಸ್ಥಾಪಕರೊಬ್ಬರ ಹೆಸರಿಗೆ ಸೇರಿಹೋಗುತ್ತದೆ. ಸಿಡ್ನಿಯಲ್ಲಿ 2000ದಲ್ಲಿ ಒಲಿಂಪಿಕ್ಸ್ ನಡೆದ ಮೇಲೆ ಅಲ್ಲಿ ದುಡಿದ ಸಾವಿರಾರು ಸ್ವಯಂಸೇವಕರ ಹೆಸರುಗಳನ್ನು ಒಲಿಂಪಿಕ್ ಉದ್ಯಾನದ ಕಂಬಗಳ ಮೇಲೆ ಬರೆಸಲಾಯಿತು. ವಿಜಯನಗರದ ಸಂಘಕ್ಕೆ ಕಲ್ಲೂ ಬೇಡ, ಕಂಬವೂ ಬೇಡ. ನೂರು ಹಾಳೆಯ ಒಂದು ರಟ್ಟಿನ ಪುಸ್ತಕ ಸಾಕು.

ಅದಕ್ಕೆ ಜಾಗವೂ ಆಗಲೇ ಇದೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ನೋಂದಾಯಿತವಾದ ಪ್ರತಿ ಸಂಘವೂ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಬೇಕು, ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಆ ಸಭೆಯಲ್ಲಿ ಓದುವ ವಾರ್ಷಿಕ ವರದಿಯಲ್ಲಿ ದಾನಿಗಳ ಪಟ್ಟಿಯಿರುವಂತೆ ದುಡಿಮೆಯ ಪಟ್ಟಿಯೂ ಇರಲಿ ಎಂಬುದು ಈ ಪತ್ರದ ಮೊದಲ ಸಲಹೆ. ಒಬ್ಬೊಬ್ಬರ ಹೆಸರಿನ ಮುಂದೆ ಅವರು ಮಾಡಿದ ಕೆಲಸವನ್ನು ನಿರ್ದಿಷ್ಟವಾಗಿ ಬರೆಯಬೇಕು: ಯಾವ ವರ್ಷದಿಂದ ಅಂಕಪಟ್ಟಿ ಬರೆಯುತ್ತಿದ್ದಾರೆ, ಎಷ್ಟು ಪಂದ್ಯಾವಳಿಗಳಿಗೆ ಅಂಕಣ ಅಳೆದಿದ್ದಾರೆ, ಅಂಪೈರ್ ಪರೀಕ್ಷೆಗೆ ಯಾವ ಮಕ್ಕಳನ್ನು ಸಿದ್ಧಮಾಡಿದ್ದಾರೆ, ಮೈದಾನದ ಬೀಗದ ಕೈ ಯಾರ ಮನೆಯಲ್ಲಿದೆ. ಇಷ್ಟು ಬರೆದರೆ ಎರಡು ಕೆಲಸಗಳು ಒಟ್ಟಿಗೆ ಆಗುತ್ತವೆ. ದುಡಿದವರಿಗೆ ತಮ್ಮ ದುಡಿಮೆಯನ್ನು ಯಾರೋ ಕಣ್ಣಿಟ್ಟು ನೋಡಿದ್ದಾರೆ ಎಂಬ ಸಮಾಧಾನ ಸಿಗುತ್ತದೆ; ಸಂಘಕ್ಕೆ, ಆ ವ್ಯಕ್ತಿ ನಾಳೆ ಮಗಳ ಮನೆಗೋ ಸ್ವಂತ ಊರಿಗೋ ಹೋಗಿಬಿಟ್ಟರೆ ಯಾವ ಯಾವ ಕೆಲಸ ನಿಂತುಹೋಗುತ್ತದೆ ಎಂಬುದರ ಸ್ಪಷ್ಟ ಚಿತ್ರ ಸಿಗುತ್ತದೆ. ಸಣ್ಣ ಸಂಘಗಳು ಮುಚ್ಚುವುದಕ್ಕೆ ಹಣದ ಕೊರತೆಯಷ್ಟೇ ದೊಡ್ಡ ಕಾರಣ, ಎಲ್ಲವನ್ನೂ ಬಲ್ಲ ಒಬ್ಬರು ಇದ್ದಕ್ಕಿದ್ದಂತೆ ಇಲ್ಲವಾಗುವುದು.

ಹೆಸರನ್ನು ಸೂಚಿಸುವ ಅಧಿಕಾರ ಯಾರದು ಎಂಬುದು ಇನ್ನೊಂದು ಪ್ರಶ್ನೆ. ಸಮಿತಿಯೇ ಸೂಚಿಸಿ ಸಮಿತಿಯೇ ಆರಿಸಿದರೆ ಸಮಿತಿಗೆ ಹತ್ತಿರದವರ ಹೆಸರೇ ಬರುವುದು ಸ್ವಾಭಾವಿಕ; ಅದಕ್ಕೆ ಯಾರ ದುರುದ್ದೇಶವೂ ಬೇಕಾಗಿಲ್ಲ. ಅಂಕಣದಲ್ಲಿ ಆಡುವ ಹುಡುಗ-ಹುಡುಗಿಯರಿಗೆ, ಪಂದ್ಯಕ್ಕೆ ಬಂದುಹೋಗುವ ಎದುರಾಳಿ ತಂಡಗಳಿಗೆ, ಮಕ್ಕಳನ್ನು ಕರೆತರುವ ತಂದೆತಾಯಿಯರಿಗೆ ಕಾಣುವ ಮುಖಗಳೇ ಬೇರೆ. ಅವರಿಂದ ಚೀಟಿಯಲ್ಲಿ ಹೆಸರು ಬರೆಸಿಕೊಂಡರೆ ಸಮಿತಿಗೆ ಗೊತ್ತೇ ಇರದ ಹೆಸರುಗಳು ಬರುತ್ತವೆ, ಅವುಗಳಲ್ಲಿ ಹೆಂಗಸರ ಹೆಸರುಗಳು ಹೆಚ್ಚಾಗಿ ಬರುವ ಸಂಭವವಿದೆ ಎಂಬುದನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಪಂದ್ಯಾವಳಿಯ ಬೆಳಿಗ್ಗೆ ನಾಲ್ಕಕ್ಕೆದ್ದು ನೂರು ಮಂದಿಗೆ ಉಪ್ಪಿಟ್ಟು ಕೆದಕಿದವರು, ಹುಡುಗಿಯರ ತಂಡದ ಜೊತೆ ರೈಲಿನಲ್ಲಿ ಹೋಗಿ ರಾತ್ರಿಯೆಲ್ಲ ಎಚ್ಚರವಿದ್ದವರು, ಸಮವಸ್ತ್ರದ ಮೇಲೆ ಸಂಖ್ಯೆ ಹೊಲಿದುಕೊಟ್ಟವರು ಸಂಘದ ಸದಸ್ಯತ್ವ ಪುಸ್ತಕದಲ್ಲಿ ಬಹಳ ಸಲ ಇರುವುದೇ ಇಲ್ಲ. ಮಗಳು ಆಡುತ್ತಾಳೆ, ಅದಕ್ಕೆ ತಾಯಿ ಮಾಡುತ್ತಾಳೆ ಎಂದು ಅದನ್ನು ಮನೆಗೆಲಸದ ಲೆಕ್ಕಕ್ಕೆ ಸೇರಿಸಲಾಗುತ್ತದೆ. ತನ್ನ ಮಗಳು ಆಟ ಬಿಟ್ಟು ಮದುವೆಯಾಗಿ ಹೋದ ಮೇಲೂ ಬೇರೆಯವರ ಹುಡುಗಿಯರ ಜೊತೆ ರೈಲು ಹತ್ತುವ ತಾಯಿಯ ಕೆಲಸವನ್ನು ಆ ಲೆಕ್ಕಕ್ಕೆ ಸೇರಿಸಲಾಗದು.

ಮೈದಾನವನ್ನೇ ಉಳಿಸಿಕೊಂಡವರದು ಮತ್ತೊಂದು ವರ್ಗ. ಮಾರೇನಹಳ್ಳಿಯ ಹೆಸರಿನಲ್ಲಿರುವ ಹಳ್ಳಿ ಈಗ ಬಡಾವಣೆಗಳ ನಡುವೆ ಕರಗಿದೆ. ಸುತ್ತಲಿನ ಬಡಾವಣೆಗಳಲ್ಲಿ ಉಳಿದ ಬಯಲುಗಳ ಮೇಲೆ ವಾಹನ ನಿಲ್ಲಿಸುವವರಿಂದ ಹಿಡಿದು ಕಟ್ಟಡ ಕಟ್ಟುವವರವರೆಗೆ ಎಲ್ಲರ ಕಣ್ಣಿದೆ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಅಧಿನಿಯಮವಿದ್ದರೂ, ಕಾಯ್ದೆ ತಾನಾಗಿ ಬಂದು ಬೇಲಿಯ ಮುಂದೆ ನಿಲ್ಲುವುದಿಲ್ಲ. ಅರ್ಜಿ ಬರೆದು, ನಕ್ಷೆಯ ಪ್ರತಿ ತೆಗೆಸಿ, ಪಾಲಿಕೆಯ ಕಚೇರಿಗೆ ರಜೆ ಹಾಕಿ ಅಲೆದವರು ನಿಂತ ಕಡೆ ಮಾತ್ರ ಅದು ಬದುಕುತ್ತದೆ. ಇಂಥವರಿಗೆ ಚೆಂಡು ಹಿಡಿಯಲು ಬಾರದಿರಬಹುದು. ಅವರ ಹೆಸರೂ ಆ ಪುಸ್ತಕದಲ್ಲಿರಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ಪತ್ರ ಅಪೂರ್ಣವಾಗುತ್ತದೆ. ಸನ್ಮಾನ ಕೆಲವೊಮ್ಮೆ ದುಡಿಯುವವರ ಬೆನ್ನ ಮೇಲಿನ ಹೊರೆಯನ್ನು ಇನ್ನಷ್ಟು ಬಿಗಿಯುವ ಹಗ್ಗವಾಗುತ್ತದೆ. ಇವರಿಲ್ಲದೆ ಸಂಘವಿಲ್ಲ ಎಂದು ವೇದಿಕೆಯಲ್ಲಿ ಹೊಗಳಿಸಿಕೊಂಡವರು ಮರುದಿನ ಮೈಗೆ ಹುಷಾರಿಲ್ಲವೆಂದು ಹೇಳಲಾರದೆ ಮೈದಾನಕ್ಕೆ ಬರುತ್ತಾರೆ. ಸುಣ್ಣದ ಚೀಲಕ್ಕೂ ಆಟೋ ಬಾಡಿಗೆಗೂ ತಾವೇ ಕೊಟ್ಟ ಹಣವನ್ನು ಕೇಳಲು ನಾಚುತ್ತಾರೆ. ಆದ್ದರಿಂದ ಶಾಲು ಹೊದಿಸುವ ಮೊದಲು ಅವರ ಕೈಯಿಂದ ಖರ್ಚಾದದ್ದನ್ನು ರಸೀದಿ ಇಲ್ಲದಿದ್ದರೂ ನಂಬಿ ಹಿಂದಿರುಗಿಸುವುದು, ಬೀಗದ ಕೈಯ ಇನ್ನೊಂದು ಪ್ರತಿ ಮಾಡಿಸಿ ಇನ್ನೊಬ್ಬರಿಗೆ ಕೊಡುವುದು, ಅಂಕ ಬರೆಯುವುದನ್ನು ಇಬ್ಬರು ಹದಿಹರೆಯದವರಿಗೆ ಅವರಿಂದಲೇ ಕಲಿಸುವುದು ಹೆಚ್ಚು ಅರ್ಥದ ಗೌರವ. ಹಾಗೆ ಕಲಿತ ಮಕ್ಕಳ ಹೆಸರನ್ನು ಕಲಿಸಿದವರ ಹೆಸರಿನ ಪಕ್ಕದಲ್ಲಿ ಬರೆದರೆ ಅದಕ್ಕಿಂತ ಚೆಂದದ ಮನ್ನಣೆಪತ್ರ ಬೇರೊಂದಿಲ್ಲ. ಕೆಲಸದಿಂದ ಬಿಡುವು ಬೇಕೆಂದವರಿಗೆ ಬಿಡುವು ಕೊಟ್ಟು, ಹಬ್ಬಕ್ಕೆ ಕರೆಯುವಂತೆ ಪಂದ್ಯಕ್ಕೆ ಕರೆದು ಮುಂದಿನ ಸಾಲಿನಲ್ಲಿ ಕೂರಿಸುವುದೂ ಸಂಘದ ಕರ್ತವ್ಯಗಳಲ್ಲಿ ಒಂದು.

ದಿನ ಯಾವುದು ಎಂಬುದು ಅಷ್ಟು ಮುಖ್ಯವಲ್ಲ. ಧ್ಯಾನ್‌ಚಂದ್ ಅವರ ಹುಟ್ಟಿದ ದಿನವಾದ ಆಗಸ್ಟ್ 29 ರಾಷ್ಟ್ರೀಯ ಕ್ರೀಡಾ ದಿನ; ವಿಶ್ವಸಂಸ್ಥೆ 1985ರಲ್ಲಿ ಗೊತ್ತುಮಾಡಿದಂತೆ ಡಿಸೆಂಬರ್ 5 ಸ್ವಯಂಸೇವಕರ ದಿನ; ನವೆಂಬರ್‌ನಲ್ಲಿ ರಾಜ್ಯೋತ್ಸವದ ಪಂದ್ಯಾವಳಿಗಳು ಹೇಗೂ ನಡೆಯುತ್ತವೆ. ಅನುಕೂಲವಾದ ದಿನವನ್ನು ಆಯಾ ಸಂಘವೇ ಆರಿಸಿಕೊಳ್ಳಲಿ. ಆದರೆ ಪುಸ್ತಕ ತೆರೆಯುವ ಕೆಲಸಕ್ಕೆ ಆ ದಿನದವರೆಗೆ ಕಾಯಬಾರದು, ಏಕೆಂದರೆ ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಮೊದಲ ಅಂಕಣಗಳನ್ನು ಅಳೆದವರಿಗೆ ಈಗ ವಯಸ್ಸಾಗಿದೆ. ಸಂಘದ ಕಪಾಟಿನಲ್ಲಿರುವ ಹಳೆಯ ಗುಂಪುಚಿತ್ರಗಳಲ್ಲಿ ಟ್ರೋಫಿ ಹಿಡಿದು ನಡುವೆ ಕೂತವರ ಹೆಸರುಗಳು ಕೆಳಗೆ ಅಚ್ಚಾಗಿವೆ. ಅಂಚಿನಲ್ಲಿ, ಪ್ಯಾಂಟಿನ ಮೊಣಕಾಲಿಗೆ ಸುಣ್ಣ ಮೆತ್ತಿಕೊಂಡು ನಿಂತವರ ಹೆಸರಿಲ್ಲ. ಆ ಚಿತ್ರಗಳನ್ನು ಹಿಡಿದು, ಎಪ್ಪತ್ತು ದಾಟಿದ ಹಳೆಯ ಸದಸ್ಯರ ಮನೆಗಳಿಗೆ ಮೊದಲು ಹೋಗಿ, ಅಂಚಿನಲ್ಲಿ ನಿಂತವರು ಯಾರು ಎಂದು ಕೇಳಿ ಬರೆದುಕೊಳ್ಳುವ ಕೆಲಸವನ್ನು ಇಬ್ಬರು ಕಿರಿಯ ಆಟಗಾರರಿಗೆ ಮುಂದಿನ ಸಮಿತಿ ಸಭೆಯಲ್ಲಿಯೇ ವಹಿಸಿಕೊಡಬೇಕೆಂದು ಈ ಪತ್ರ ಕೋರುತ್ತದೆ.

ಗೌರವಪೂರ್ವಕವಾಗಿ,
ಮಾರೇನಹಳ್ಳಿಯ ಒಬ್ಬ ಕ್ರೀಡಾಭಿಮಾನಿ